ಹಾಡಿಗೂ ಒಂದು ಗೇಜು

ನಮ್ಮ ಇನ್‌ಸ್ಪೆಕ್ಷನ್ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಲೇತಿನಿಂದ ಇಳಿದ ಉಕ್ಕಿನ ಪಿನ್ನಿನ ಮೇಲೆ ಅದನ್ನು ಮೆಲ್ಲಗೆ ಎಳೆದು, ನುಣುಪು ಸಾಲದಿದ್ದರೆ ಮುಖ ಸಿಂಡರಿಸುವರು. ಊಟದ ಹೊತ್ತಿನಲ್ಲಿ ಅದೇ ಉಗುರು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಅವರಿಗೆ ಇಂಗ್ಲಿಷ್ ರಾಕ್ ಬ್ಯಾಂಡುಗಳ ಹುಚ್ಚು. ಹೊಸ ಕ್ಯಾಸೆಟ್ ಬಂದರೆ ಪೀಣ್ಯದ ನಮ್ಮ ಶೆಡ್ಡಿಗೇ ಟೇಪ್ ರೆಕಾರ್ಡರ್ ಹೊತ್ತು ತರುವರು. ಕ್ಯಾಸೆಟ್ಟಿನ ಒಳಗಿನ ಹಾಳೆಯಲ್ಲಿ ಅಚ್ಚಾದ ಒಂದೊಂದು ಹಾಡಿನ ಎದುರಿಗೂ ಪಾಸ್, ರಿಜೆಕ್ಟ್ ಎಂದು ಪೆನ್ಸಿಲಿನಲ್ಲಿ ಬರೆದು, ಕೆಳಗೆ ಸಹಿ ಹಾಕುವರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕೈಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ. ಎಂಬತ್ತರ ದಶಕದ ಒಂದು ವಾರ ಸಾಹೇಬರು ನನ್ನ ಹನ್ನೆರಡು ಪಿನ್ನುಗಳನ್ನು ಎಲ್ಲರೆದುರೇ ರಿಜೆಕ್ಟ್ ಮಾಲಿನ ಕೆಂಪು ಡಬ್ಬಕ್ಕೆ ಹಾಕಿದರು. ನಾನು ಕಾರಣ ಕೇಳಲಿಲ್ಲ. ಓದಿಲ್ಲದವನೆಂದು ಸಸಾರ ಮಾಡಿದರು ಅಂದುಕೊಂಡೆ. ಅತ್ತಿಬೆಲೆಯ ಒಂದು ಶೆಡ್ಡಿನಲ್ಲಿ ಕೆಲಸ ಮಾತಾಡಿಕೊಂಡು ಬಂದೆ. ಶನಿವಾರವೇ ಇಲ್ಲಿ ಕೊನೆ.

ಆ ಶನಿವಾರ ಊಟದ ಹೊತ್ತಿಗೆ ಸಾಹೇಬರು ಕೂಗಿದರು. "ಬಾರಪ್ಪ ಇಲ್ಲಿ. ಹೊಸ ಆಲ್ಬಂ ಬಂದಿದೆ. ಈ ಹಾಡು ಫ್ಯಾಕ್ಟರಿ ಬಗ್ಗೆ. ನಾನಂತೂ ಪಾಸ್ ಮಾಡ್ಬಿಟ್ಟಿದೀನಿ. ನೀನೇನಂತೀಯ?"

"ನಂಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಲ್ಲ ಸಾರ್" ಎಂದೆ, ಮುಖ ಬಿಗಿದುಕೊಂಡೇ.

"ಇಂಗ್ಲಿಷ್ ನಂಗೆ ಬರುತ್ತೆ. ಲೇತ್ ನಿಂಗೆ ಬರುತ್ತೆ. ಕೂತ್ಕೋ."

ಪಕ್ಕದ ಲೇತಿನವನು ಕಿಚಾಯಿಸಿದ: "ಹೋಗು ಗುರು, ಪಿನ್ನಿನ ಸೇಡು ಹಾಡಿನ ಮೇಲೆ ತೀರಿಸ್ಕೋ."

ಗಿಟಾರು ಅರಚಿತು. ಸಾಹೇಬರು ಮೊಸರನ್ನ ತಿನ್ನುತ್ತಲೇ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಕೆಲಸಗಾರ ಆಫ್ ಮಾಡಿ ಮನೆಗೆ ಹೋದ ಮೇಲೆ ಮೆಷಿನ್ ಅವನಿಗಾಗಿ ಅಳುತ್ತದಂತೆ.

"ಆಫ್ ಆದ ಮೆಷಿನ್ ಅಳಲ್ಲ ಸಾರ್. ಓಡುವಾಗ ಅಳುತ್ತೆ, ಅದೂ ಬೇರಿಂಗ್ ಹೋಗಿದ್ರೆ. ಇದ್ನ ಬರ್ದೋನು ಒಂದಿನಾನೂ ಗ್ರೀಸ್ ಹಾಕಿಲ್ಲ. ಡ್ರಮ್ ಹೊಡಿಯೋನು ಮಾತ್ರ ದುಡಿಯೋನು."

ನಗು ಬಂದು ಸಾಹೇಬರಿಗೆ ಮೊಸರನ್ನ ನೆತ್ತಿಗೇರಿತು. ಕೆಮ್ಮುತ್ತಲೇ ಪಾಸ್ ಅನ್ನು ಹೊಡೆದುಹಾಕಿ ರಿಜೆಕ್ಟ್ ಎಂದು ಬರೆದರು. "ಇಪ್ಪತ್ತು ಸಲ ಕೇಳಿದೀನಿ, ಹೊಳೀಲೇ ಇಲ್ಲ ಕಣೋ. ಹಾಕು ಸೈನು." ಕನ್ನಡದಲ್ಲೇ ಹಾಕಿದೆ.

ಆಮೇಲೆ ಕೆಂಪು ಡಬ್ಬದಿಂದ ನನ್ನದೇ ಒಂದು ಪಿನ್ನು ತೆಗೆದು, ಅಳತೆ ನೋಡುವ ಗೇಜಿನ ಜೊತೆ ನನ್ನ ಕೈಗಿಟ್ಟರು. "ಇದಕ್ಕೂ ನೀನೇ ಹೇಳ್ಬಿಡು."

ಪಿನ್ನು ಗೇಜಿನ ತೂತಿನಲ್ಲಿ ಲೊಡಲೊಡ ಅಲ್ಲಾಡಿತು. ಕೂದಲೆಳೆಯಷ್ಟು ಹೆಚ್ಚು ಸವೆಸಿದ್ದೆ.

"ರಿಜೆಕ್ಟ್ ಸಾರ್."

"ಆ ಹಾಡು ಬರ್ದೋನ ಮೇಲೆ ನಿಂಗೇನಾದ್ರೂ ಕೋಪ ಇತ್ತಾ?"

"ಇಲ್ಲ ಸಾರ್."

"ನಂಗೂ ಇರ್ಲಿಲ್ಲಪ್ಪ" ಎಂದು ಅವರು ಕೈ ತೊಳೆಯಲು ಎದ್ದರು.

ಅತ್ತಿಬೆಲೆಗೆ ನಾನು ಹೋಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಕ್ಯಾಸೆಟ್ಟಿಗೂ ಎರಡೆರಡು ಸಹಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ನಾನು ಕಲಿತದ್ದೂ ಆ ಹಾಳೆಗಳಲ್ಲೇ.

ಸಾಹೇಬರು ತೀರಿಕೊಂಡ ಮೇಲೆ ಅವರ ಮನೆಯವರು ಕೊನೆಯ ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟರು. ಎಲ್ಲ ಹಾಡಿಗೂ ಅವರ ಗುರುತು ಬಿದ್ದಿತ್ತು. ಪಕ್ಕದಲ್ಲಿ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಎರಡು ಭಾನುವಾರ ಕೂತು ಕೇಳಿದೆ. ಮೂರನೆಯ ಹಾಡನ್ನು ಅವರು ಪಾಸ್ ಮಾಡಿದ್ದರು. ನಾನು ರಿಜೆಕ್ಟ್ ಹಾಕಿ, ಕಾರಣವನ್ನೂ ಬರೆದೆ, ಇಂಗ್ಲಿಷಿನಲ್ಲೇ.