ಅಂಗೈಯ ಹಳದಿ

ಕುಡಿದು ಲಿವರ್ ಕೆಡಿಸಿಕೊಂಡು ಸತ್ತರು ಎಂದೇ ಕೌಲ್ ಬಜಾರಿನ ನಮ್ಮ ಓಣಿ, ಎದುರು ಮನೆಯ ಕಾಕಾನ ಕಥೆ ಹೇಳುತ್ತದೆ. ಕುಡಿದದ್ದನ್ನು ಕಂಡವರು ಯಾರು ಎಂದರೆ ಒಬ್ಬರೂ ಇಲ್ಲ. ಮೊನ್ನೆ ಅಟ್ಟ ಗುಡಿಸುವಾಗ, ಅವರು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಅಡ್ಡಾಗುವಾಗ ಬಳಸುತ್ತಿದ್ದ ದಿಂಬಿನ ಚೀಲ ಸಿಕ್ಕಿತು. ತಲೆಯಿಟ್ಟ ಜಾಗ ಇನ್ನೂ ಹಳದಿ...

ಕಾಕಾ ದೂರದೊಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಶೆಲ್ಲುಗಳಿಗೆ ಟಿಎನ್‌ಟಿ ಎಂಬ ಸಿಡಿಮದ್ದು ತುಂಬುತ್ತಿದ್ದರು. ರಜೆಗೆ ಬಂದಾಗ ಅಂಗೈ, ಉಗುರು, ಮುಂಗೂದಲು ಎಲ್ಲ ಹಳದಿ. "ಏನ್ ಕಾಕಾ, ಮದ್ವಿ ಅರಿಶಿಣ ಇನ್ನೂ ಹೋಗಿಲ್ಲೇನು?" ಎಂದು ಕಾಡುತ್ತಿದ್ದೆ. "ನಿಮ್ಮ ಕಾಕಿ ತೊಳಿಯಾಕ ಬಿಡವಲ್ಲಳು ಲೇ," ಎನ್ನುತ್ತಿದ್ದರು. ಆ ಮದ್ದು ಬಡಿದರೂ ಸುಲಭಕ್ಕೆ ಸಿಡಿಯದು, ಮೇಣದ ಹಾಗೆ ಕರಗುತ್ತದೆ, ಬಲು ಸಾಧು ಎಂದು ಮೆಚ್ಚಿ ಹೇಳುತ್ತಿದ್ದರು.

ಕೊನೆಯ ಸಲ ಬಂದಾಗ ಕಣ್ಣೂ ಹಳದಿಯಾಗಿತ್ತು. ಕಾಮಾಲೆ ಎಂದು ನಾಟಿ ಔಷಧಿಗೆ ಸಿರುಗುಪ್ಪದ ಕಡೆಯ ದೇಶನೂರಿಗೆ ಕರೆದೊಯ್ದು ಸೊಪ್ಪಿನ ರಸ ಕುಡಿಸಿ, ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ನೀರು ಹಳದಿಯಾದದ್ದು ನೋಡಿ ರೋಗ ಇಳಿಯಿತು ಎಂದರು. ಇಳಿದದ್ದು ಕಾರ್ಖಾನೆಯ ಬಣ್ಣ. ರೋಗ ಒಳಗೇ ಇತ್ತು. ಹೊಟ್ಟೆ ಉಬ್ಬತೊಡಗಿದ ಮೇಲೆ ಓಣಿ ಕುಡಿತದ ಮಾತೆತ್ತಿತು.

ಕಾಕಿ ಅವರನ್ನು ತನ್ನ ತವರು ಕುರುಗೋಡಿಗೆ ಕರೆದೊಯ್ದು ಬಸವಣ್ಣನ ಮುಂದೆ ಆಣೆ ಮಾಡಿಸಿದಳು. ಒಂದು ಹನಿಯೂ ಮುಟ್ಟಿಲ್ಲ ಎಂದು ಆಣೆ ಮಾಡಿದರಂತೆ. ಮನಸ್ಸು ಹಗುರಾಗಿ ಮರಳಿದ ಕಾಕಿ ನಮ್ಮ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳುತ್ತಿದ್ದಳು. ನಾನೋ, ಆಗಷ್ಟೇ ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದವನು.

"ಆಣಿ ಸಾಕ್ಷಿ ಅಲ್ಲ ಕಾಕಿ. ಕುಡಿಯೋರೂ ಆಣಿ ಮಾಡ್ತಾರ," ಎಂದೆ.

ಬಾಗಿಲಲ್ಲಿ ನಿಂತಿದ್ದ ಕಾಕಾ ನಕ್ಕರು. "ವಕೀಲ ಆಗು ಲೇ ನೀನು." ಕಾಕಿ ನಗಲಿಲ್ಲ. ತಿಂಗಳೊಳಗೆ ಕಾಕಾ ತೀರಿಹೋದರು...

ಟಿಎನ್‌ಟಿಯ ಚರಿತ್ರೆ ಓದಿದ್ದು ಆಮೇಲೆ, ಇನ್ನೊಂದು ಚರ್ಚೆಗಾಗಿ. ಮೊದಲು ಮಾಡಿದ್ದು ಹಳದಿ ಬಣ್ಣಕ್ಕೆಂದು. ಅದು ಸಿಡಿಮದ್ದಾದೀತೆಂದು ಎಷ್ಟೋ ವರ್ಷ ಯಾರಿಗೂ ಹೊಳೆದಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಅದನ್ನು ಶೆಲ್ಲುಗಳಿಗೆ ತುಂಬಿದ ಹೆಂಗಸರು ಹಳದಿಗಟ್ಟಿದರು, ಕೆಲವರು ಲಿವರ್ ಕೆಟ್ಟು ಸತ್ತರು. ಇದೂ ಪೂರ್ತಿ ಸಾಕ್ಷಿಯಲ್ಲ, ಗೊತ್ತು. ಓಣಿಯ ಬಳಿ ಇಷ್ಟೂ ಇರಲಿಲ್ಲ. ಓದಿಯೂ ನಾನು ಇಷ್ಟು ವರ್ಷ ಸುಮ್ಮನಿದ್ದೆ.

ನಿನ್ನೆ ಕುರುಗೋಡಿಗೆ ಹೋಗಿ, ಈಗ ತವರಲ್ಲೇ ಇರುವ ಕಾಕಿಗೆ ಎಲ್ಲ ಹೇಳಿದೆ. "ಚಲೋ ಆತು ಬಿಡು. ಚಾ ಕುಡೀತಿಯೇನು?" ಎಂದಳು. ಓಣಿಯನ್ನು ವಾದದಲ್ಲಿ ಸೋಲಿಸಬಲ್ಲೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಕಾಕಾ ಇಲ್ಲ. ಚಾ ಕುಡಿದು ಎದ್ದವನು ಹೊಸ್ತಿಲಲ್ಲಿ ನಿಂತು ಕೇಳಿದೆ:

"ಕಾಕಿ, ಆವತ್ತು ಆಣಿ ಸಾಕ್ಷಿ ಅಲ್ಲಂತ ನಾ ಅಂದ ಮ್ಯಾಲ, ನೀ ಯಾರ ಮಾತು ನಂಬಿದ್ದಿ?"