ಆಯಿಯ ಒನಕೆ

ಇವತ್ತು ಜಹೀರಾಬಾದಿನ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುವ ಘಾಟು ಮೂಗಿಗೆ ಬಡಿದದ್ದೇ ತಡ, ಅಜ್ಜಿಯ ಅಂಗಳ ಕಣ್ಣೆದುರು ನಿಂತಿತು.

ಅಜ್ಜಿಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಲಿಂಗಪೂಜೆಯಾಗದೆ ನೀರೂ ಮುಟ್ಟದವಳು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಅವಳ ಅಂಗಳದಲ್ಲೇ ಖಾರ ಕುಟ್ಟುತ್ತಿದ್ದರು. ಅಂಥ ಒಂದು ದಿನ ಪಕ್ಕದ ಮನೆಯ ಚಂದ್ರಮ್ಮ ಒಡೆದ ಹಣೆಯಿಂದ ರಕ್ತ ಸುರಿಸುತ್ತ ಓಡಿ ಬಂದು ಆಯಿಯ ಬೆನ್ನ ಹಿಂದೆ ಕುಸಿದಳು. ಹಿಂದೆಯೇ ಅವಳ ಗಂಡ ಮಾಣಿಕಪ್ಪ ಕೊಡಲಿ ಹಿಡಿದು ನುಗ್ಗಿದ.

"ಸರೀರಿ ಆಯಿ. ಆಕಿ ನನ್ನ ಹೆಂಡ್ತಿ."

"ನಿನ್ನ ಮನ್ಯಾಗ ಹೆಂಡ್ತಿ. ನನ್ನ ಅಂಗಳದಾಗ ನನ್ನ ಮಗಳು."

ಅವನು ಕೊಡಲಿ ಎತ್ತಿದ. ಆಯಿಯ ಒನಕೆ ಅವನ ಬಲಗೈ ಮೇಲೆ ಬಿತ್ತು. ಒಣಗಿದ ಜೋಳದ ದಂಟಿನ ಹಾಗೆ ಎಲುಬು ಲಟಕ್ಕೆಂದಿತು. ನೆಲಕ್ಕುರುಳಿ ಅರಚುತ್ತಿದ್ದವನ ಕೈಗೆ ಬಿದಿರಿನ ದಬ್ಬೆ ಕಟ್ಟಿದವಳೂ ಅವಳೇ. ಆ ಕೈ ಸೊಟ್ಟಗೇ ಕೂಡಿಕೊಂಡಿತು.

ಮೊನ್ನೆ, ತೊಂಬತ್ತು ದಾಟಿ ಹೋದ ಆಯಿಯನ್ನು ಸಮಾಧಿಯ ಕುಣಿಯಲ್ಲಿ ಕೂರಿಸಿ ಎಲ್ಲರೂ ಮಣ್ಣು ಹಾಕುತ್ತಿದ್ದೆವು. ಮುದುಕನಾದ ಮಾಣಿಕಪ್ಪನೂ ಅಳುತ್ತ ಆ ಸೊಟ್ಟ ಕೈಯಲ್ಲಿ ಹಿಡಿ ಮಣ್ಣೆತ್ತಿದ. ಚಂದ್ರಮ್ಮ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಕೊಡ್ಲಿ ಎತ್ತಿದ ಕೈಲೆ ಬ್ಯಾಡ," ಅಂದಳು. "ಎಡಗೈಲೆ ಹಾಕು."