ಪುಟ್ಟರಾಜು ಜಪಾನಿಗೆ ಮಾಡಿದ ಸನ್ಮಾನ

ಲೈನ್‌ಮನ್ ಪುಟ್ಟರಾಜುವನ್ನು ನಾನು ಮೊದಲು ನೋಡಿದ್ದು ನಮ್ಮ ಮನೆ ಮುಂದಿನ ಕಂಬದ ಮೇಲೆ. ಮದ್ದೂರಿನ ನಮ್ಮ ಬೀದಿಗೆ ಅವತ್ತು ಬೆಳಗಿನಿಂದ ಕರೆಂಟು ಇರಲಿಲ್ಲ. ನಾನು ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದೆ. ಹೂವಿಗೆ ಚಿಮುಕಿಸಲು ನೀರು ತರೋಣವೆಂದು ಎದ್ದೆ. ನನ್ನ ವಯಸ್ಸಿನವರು ಏಳುವ ಹಾಗೆಯೇ ಎದ್ದೆ. ಮೊದಲು ಎಡಗೈ ನೆಲಕ್ಕೆ ಊರಿ, ಬಲಗೈ ಮಂಡಿಯ ಮೇಲಿಟ್ಟು, ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಸೊಂಟ ಎತ್ತಿ.

ಕಂಬದ ಮೇಲಿಂದ ದನಿ ಬಂತು. "ಅವ್ವೋ! ಇನ್ನೊಂದ್ ಕಿತ ಕೂತ್ಕಂಡು ಎದ್ದೇಳ್ತೀಯಾ?"

"ಯಾಕಪ್ಪ, ನಾನೇನು ಸರ್ಕಸ್ಸಿನವಳಾ?" ಅಂದೆ.

"ಬಯ್ಬ್ಯಾಡ ಕಣವ್ವ. ಇಳಿದು ಬತ್ತೀನಿ, ತೋರುಸ್ತೀನಿ."

ತಂತಿ ಸರಿಮಾಡಿ ಇಳಿದು ಬಂದ. ಕೊಟ್ಟ ನೀರು ಕುಡಿದು, ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದ. ಜಪಾನ್ ದೇಶದವರು ಬರೆದ ಬೊಂಬೆ ಚಿತ್ರ, ಓಡಾಡುವ ಚಿತ್ರ. ಅದರಲ್ಲಿ ಒಬ್ಬ ಮುದುಕಿ ಸೊಪ್ಪು ಸೋಸುತ್ತಾ ಕೂತವಳು ಮೇಲೆ ಏಳುತ್ತಾಳೆ. ಎಡಗೈ ನೆಲಕ್ಕೆ, ಬಲಗೈ ಮಂಡಿಗೆ. ನಡುವೆ ಒಂದು ಗಳಿಗೆ ನಿಲ್ಲುತ್ತಾಳೆ.

"ಇದನ್ನ ಬರ್ದೋಳು ಒಬ್ಬ ಎಂಗಸು ಕಣವ್ವ. ಸರಿಯಾಗದಾ, ಯೋಳು."

"ಸರಿಯಾಗದೆ. ಬರ್ದೋಳಿಗೂ ಮಂಡಿನೋವು ಇರಬೇಕು. ಆದ್ರೆ ಏಳುವಾಗ ಅಯ್ಯಪ್ಪಾ ಅನ್ನಲಿಲ್ಲವಲ್ಲ ಈಯಮ್ಮ!"

ಪುಟ್ಟರಾಜು ಜಗುಲಿಯ ಕಂಬ ಹಿಡಿದುಕೊಂಡು ನಕ್ಕ. ಅಂದಿನಿಂದ ನಮ್ಮ ಬೀದಿಗೆ ಬಂದಾಗಲೆಲ್ಲ ನನ್ನ ಹತ್ತಿರ ಕೂತು ಹೋಗುತ್ತಿದ್ದ.

ಅವನು ಬೆಸಗರಹಳ್ಳಿಯ ಒಕ್ಕಲು ಮನೆಯವನು. ಒಮ್ಮೆ ಕಂಬದಿಂದ ಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದನಂತೆ. ಆಗ ಮಗಳು ನಯನ ಅಪ್ಪನ ಬೇಸರ ಕಳೆಯಲೆಂದು ಈ ಜಪಾನಿನ ಚಿತ್ರಗಳನ್ನು ತೋರಿಸಿದಳು. ಕಾಲು ಸರಿಹೋಯಿತು, ಚಿತ್ರದ ಹುಚ್ಚು ಹೋಗಲಿಲ್ಲ. ಇವಕ್ಕೂ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರಂತೆ. ಯಾವುದು ಚೆನ್ನಾಗಿದೆ ಎಂದು ಎಲ್ಲ ದೇಶದವರೂ ಫೋನಿನಲ್ಲೇ ಓಟು ಹಾಕಬಹುದಂತೆ. ಅಪ್ಪ ಮಗಳು ಇಬ್ಬರೂ ಮುದುಕಿಯ ಚಿತ್ರಕ್ಕೆ ಓಟು ಹಾಕಿದರು. ಅದಕ್ಕೆ ಏನೂ ಬರಲಿಲ್ಲ. ಪುಟ್ಟರಾಜು ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವನ ಹಾಗೆ ಮುಖ ಮಾಡಿಕೊಂಡು ಬಂದ.

"ಈರೋಗೆ ಕೊಟ್ರು, ಆಡಿಗೆ ಕೊಟ್ರು, ಒಡೆದಾಟಕ್ಕೆ ಕೊಟ್ರು. ಮುದುಕೀನ ಅಷ್ಟು ಚೆಂದಾಗಿ ಎಬ್ಬುಸ್ದೋಳ್ನ ಯಾರೂ ಕೇಳ್ನಿಲ್ಲ. ನಾವೇ ಕೊಡಾಣ ಕಣವ್ವ, ವರ್ಷಕ್ಕೊಬ್ರಿಗೆ. ನಮ್ ರಾಜ್ಯೋತ್ಸವದಲ್ಲೇ ಕೊಡಾಣ."

ನಮ್ಮ ಬೀದಿಯ ಸಂಘ ನವೆಂಬರಿನಲ್ಲಿ ಶಾಮಿಯಾನ ಹಾಕಿ ರಾಜ್ಯೋತ್ಸವ ಮಾಡುತ್ತದೆ. ಊರಿನ ಒಬ್ಬಿಬ್ಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸುತ್ತದೆ. ಸಂಘದ ಅಧ್ಯಕ್ಷ, ಗೊಬ್ಬರದ ಅಂಗಡಿಯ ಸ್ವಾಮಿ. ಅವನು ನನ್ನ ಜಗುಲಿಯ ಮುಂದೆಯೇ ಪುಟ್ಟರಾಜುವಿಗೆ ಹೇಳಿದ:

"ಕನ್ನಡ ರಾಜ್ಯೋತ್ಸವದಾಗೆ ಜಪಾನ್ನೋರಿಗೆ ಶಾಲು ಹೊದುಸ್ತೀಯೇನ್ಲಾ? ತಲೆ ನೆಟ್ಟಗದಾ ನಿಂಗೆ?"

"ಲೇ ಸ್ವಾಮಿ, ಕರೆಂಟು ಎಲ್ಲೋ ಬ್ಲಫ್ ಪವರ್‌ಹೌಸಿಂದ ಬತ್ತದೆ, ನಮ್ ಬೀದೀದಲ್ಲ ಅಂತ ನೀನು ಬಲ್ಬು ಆರುಸ್ಕಂಡು ಕೂತಿದ್ದೀಯೇನ್ಲಾ?"

ಸ್ವಾಮಿ ಜೇಬಿನಿಂದ ಕಾರ್ಯಕ್ರಮದ ಪಟ್ಟಿ ತೆಗೆದು ನೋಡಿದ. "ಐದ್ ನಿಮಿಷ ಕೊಡ್ತೀನಿ, ಓಗು" ಅಂದ.

ಹಾರ ನಾನೇ ಕಟ್ಟಿದೆ, ಸುಗಂಧರಾಜದ್ದು. ನಯನ ಆ ಚಿತ್ರಗಾತಿಯ ಭಾವಚಿತ್ರವನ್ನು ಫೋನಿನಲ್ಲಿ ಹುಡುಕಿ ದೊಡ್ಡದಾಗಿ ತೆಗೆಸಿ ಚೌಕಟ್ಟು ಹಾಕಿಸಿದ್ದಳು. ಜಪಾನಿನಿಂದ ಆಕೆ ಬರುವ ಹಾಗಿಲ್ಲವಲ್ಲ. ವೇದಿಕೆಯ ಕುರ್ಚಿಯ ಮೇಲೆ ಫೋಟೋ ನಿಲ್ಲಿಸಿದರು. ಪುಟ್ಟರಾಜು ಇಸ್ತ್ರಿ ಅಂಗಿ ಹಾಕಿಕೊಂಡು, ಭಕ್ತಿಯಿಂದ, ಫೋಟೋಗೆ ಹಾರ ಹಾಕಿದ.

ಜನ ಗಪ್ಪಾದರು. ನನ್ನ ಪಕ್ಕದಲ್ಲಿದ್ದ ಕುಸುಮ ಸೆರಗು ಸರಿಮಾಡಿಕೊಂಡು, "ಪಾಪ, ನೋಡಿದ್ರೆ ಅಂತಾ ವಯಸ್ಸೂ ಆಗಿಲ್ಲ. ಏನಾಗಿತ್ತಂತೆ?" ಅಂದಳು. ಸ್ವಾಮಿ ಮೈಕು ಹಿಡಿದು, "ಅಗಲಿದ ಕಲಾವಿದೆಯ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಒಂದು ನಿಮಿಷ ಮೌನ ಆಚರಿಸಬೇಕು" ಎಂದ. ಶಾಮಿಯಾನದಲ್ಲಿದ್ದವರೆಲ್ಲ ಎದ್ದು ನಿಂತರು. ಪುಟ್ಟರಾಜು ಹಾರದ ಕಡೆ ನೋಡಿದ, ಜನರ ಕಡೆ ನೋಡಿದ. ಆಗ ಅವನಿಗೆ ತಾನು ಮಾಡಿದ್ದು ಗೊತ್ತಾಯಿತು. ಬದುಕಿರುವವರ ಫೋಟೋಗೆ ನಮ್ಮಲ್ಲಿ ಹಾರ ಹಾಕುವುದಿಲ್ಲ. "ಬದುಕವ್ರೆ ಕಣ್ರಪ್ಪಾ!" ಎಂದು ಅವನು ಕೂಗಿದ್ದು ಮೌನ ಮುಗಿದ ಮೇಲೆ. ಆಗ ಚೆನ್ನಾಗಿ ನಕ್ಕರು. ಅಷ್ಟರಲ್ಲಿ ನಯನ ಹಾರ ಹಾಕಿದ್ದನ್ನು ಫೋನಿನಲ್ಲಿ ತೆಗೆದು ಜಪಾನಿನ ಆ ಚಿತ್ರಗಾತಿಗೆ ಕಳಿಸಿಯೂ ಆಗಿತ್ತು. ಅಲ್ಲಿಂದ ಉತ್ತರ ಬರಲಿಲ್ಲ.

ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಆ ಚಿತ್ರಗಾತಿಗೆ ಮೈ ಸರಿಯಿಲ್ಲ, ಸದ್ಯಕ್ಕೆ ಕೆಲಸ ನಿಲ್ಲಿಸಿದ್ದಾಳೆ ಎಂದು ನಯನ ಓದಿ ಹೇಳಿದಳು. ಪುಟ್ಟರಾಜು ನನ್ನ ಕಣ್ಣು ತಪ್ಪಿಸಿ ಹಿಂದಿನ ಬೀದಿಯಿಂದ ಓಡಾಡತೊಡಗಿದ. ನಾನೇ ಹೇಳಿಕಳಿಸಿ ಕರೆಸಿದೆ. ಬಂದವನು ನನ್ನ ಹೂವಿನ ಬುಟ್ಟಿಯಿಂದ ದೂರ ಸರಿದು ಕೂತ.

"ನೆಟ್ಟಗಿದ್ದೋಳ್ನ ನಾನೇ ಆರ ಹಾಕಿ ಮಲಗಿಸ್ಬುಟ್ನಲ್ಲವ್ವ."

"ಸುಗಂಧರಾಜದ ಹಾರಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ನಮ್ಮೂರಲ್ಲಿ ಒಬ್ಬ ಪುಢಾರೀನೂ ಉಳೀತಿರಲಿಲ್ಲ, ಬುಡು" ಅಂದೆ. ಅವನು ನಗಲಿಲ್ಲ.

ಅವನ ತಲೆಯಲ್ಲಿ ಒಂದು ದಾರಿ ಹೊಳೆದಿತ್ತು. ಮುಂದಿನ ರಾಜ್ಯೋತ್ಸವಕ್ಕೆ ಅದೇ ಕುರ್ಚಿಯಲ್ಲಿ ಆಕೆಯ ಹೆಸರಿನಲ್ಲಿ ಒಬ್ಬ ಜೀವಂತ ಹೆಂಗಸನ್ನು ಕೂರಿಸಿ ಸನ್ಮಾನ ಮಾಡಬೇಕು, ಸತ್ತವರ ಹಾರ ಆಗ ಬದುಕಿರುವವರ ಹಾರವಾಗುತ್ತದೆ ಎಂದು. ಕೂರಬೇಕಾದವಳು ನಾನು.

ನನ್ನ ಯಜಮಾನರು ಹೋದ ಮೇಲೆ ನಾನು ಕಟ್ಟಿದ ಹೂವೆಲ್ಲ ದೇವರಿಗೆ, ಮದುವೆ ಹೆಣ್ಣುಗಳಿಗೆ. ನನ್ನ ಮೈಗೆ ಒಂದು ಎಸಳು ಮುಡಿದವಳಲ್ಲ.

"ಗಂಡ ಸತ್ತೋಳ ಕೊರಳಿಗೆ ಹಾರ ಹಾಕಿದ್ರೆ ಅದೂ ಅಪಶಕುನ ಅಂತಾರೆ ಕಣಪ್ಪ. ಒಂದು ತೊಳೆಯಕ್ಕೆ ಓಗಿ ಇನ್ನೊಂದು ಮೆತ್ಕಬ್ಯಾಡ."

"ನೀನು ಉಸಿರಾಡ್ತಿದ್ದೀಯಾ ಇಲ್ವಾ? ನಂಗೆ ಅಷ್ಟೇ ಸಾಕು."

ನಾನು ಒಪ್ಪಲೂ ಇಲ್ಲ, ಆಗದು ಎನ್ನಲೂ ಇಲ್ಲ. ಅಕ್ಟೋಬರಿನಲ್ಲಿ ಅವನಿಗೆ ಮಳವಳ್ಳಿಗೆ ವರ್ಗವಾಯಿತು. ರಾಜ್ಯೋತ್ಸವದ ಮಾರನೆಯ ದಿನವೇ ಸಾಮಾನು ಸಾಗಿಸುವುದೆಂದು ಗೊತ್ತಾಯಿತು. ಈ ಮನುಷ್ಯ ಆ ಭಾರ ಹೊತ್ತುಕೊಂಡೇ ಮಳವಳ್ಳಿಯ ಕಂಬಗಳನ್ನು ಹತ್ತಬೇಕೇ ಅನ್ನಿಸಿತು. ಹಾರ ಕಟ್ಟಿದೆ. ಹೊತ್ತಿಗೆ ಸರಿಯಾಗಿ ಹೋಗಿ ಕುರ್ಚಿಯಲ್ಲಿ ಕೂತೆ.

ಸ್ವಾಮಿ ಈ ಸಲ ಬಹಳ ಎಚ್ಚರ. "ಬದುಕಿರುವ ಕಲಾವಿದೆ, ಇನ್ನೂ ಬದುಕಿರುವ ಕಲಾವಿದೆ, ಮುಂದೆಯೂ ಬದುಕಲಿರುವ ಕಲಾವಿದೆಗೆ" ಎಂದು ಮೈಕಿನಲ್ಲಿ ಕೂಗಿದ. ಜನ ಶಿಳ್ಳೆ ಹಾಕಿದರು. ಹೆಂಗಸರ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು, "ಸುಮ್ಕಿರ್ರಮ್ಮ" ಎಂದು ಕುಸುಮ ಗದರಿಸಿದ್ದೂ ಕೇಳಿಸಿತು. ಪುಟ್ಟರಾಜು ಶಾಲು ಹೊದಿಸಿದ. ಹಾರ ಕೊರಳಿಗೆ ಬಿತ್ತು. ನಾನೇ ನೀರು ಚಿಮುಕಿಸಿದ ಹೂ, ಎದೆಯ ಮೇಲೆ ತಣ್ಣಗಾಯಿತು. ಅಷ್ಟೊಂದು ಭಾರವಿರುತ್ತದೆಂದು ಕಟ್ಟುವವಳಿಗೆ ಗೊತ್ತಿರಲಿಲ್ಲ. ರೇಷನ್ ಕಾರ್ಡಿನ ಫೋಟೋಗೆ ಕೂತವರ ಹಾಗೆ ಕಣ್ಣು ಬಿಟ್ಟುಕೊಂಡು ಸೆಟೆದು ಕೂತೆ.

ಜಪಾನಿಗೆ ಕಳಿಸಲೆಂದು ನಯನ ಎದುರಿಗೆ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. "ಅಪ್ಪಾ, ಅಜ್ಜಿ ಥೇಟು ಫೋಟೋ ಥರಾನೇ ಕೂತವ್ರೆ!" ಎಂದಳು.

ಪುಟ್ಟರಾಜುವಿನ ಮುಖ ಬಿಳಿಚಿಕೊಂಡಿತು. ನನ್ನ ಕಿವಿಯ ಹತ್ತಿರ ಬಗ್ಗಿದ. ಮಳವಳ್ಳಿಗೆ ಹೋಗುವ ಮೊದಲು ಅವನು ನನ್ನನ್ನು ಕೇಳಿದ ಕೊನೆಯ ಮಾತು ಅದು.

"ಅವ್ವ, ಒಸಿ ಅಲ್ಲಾಡ್ತೀಯಾ? ಬದುಕಿದ್ದೀಯ ಅಂತ ಜಪಾನ್ನಾಗೆ ಆಯಮ್ಮಂಗೆ ಗೊತ್ತಾಗ್ಬೇಕು."